‘ಕೀಟಬಾಧೆ’ ಅನ್ನಬಹುದೇ? – ಕೆನಡಾದ ಒಂದು ಅಪರೂಪದ ಜೇಕಿನ ಬಗ್ಗೆ

ಎಲ್ಲರಿಗೂ ನಮಸ್ಕಾರ.

ಕೆನಡಾದ ಅಪರೂಪದ ಗಿಡಗಳ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕೇರೆಕ್ಸ್ ಲುಪ್ಯುಲಿಫಾರ್ಮಿಸ್ ಎಂಬ ಗಿಡದ ಹತ್ತಿರ ಬಂದು ಬರವಣಿಗೆ ನಿಂತುಬಿಟ್ಟಿದೆ. ಒಂಟಾರಿಯೊ, ಕ್ವಿಬೆಕ್‌ಗಳ ಜೌಗು ಕಾಡುಗಳಲ್ಲಿ ಬಿಸಿಲು ಬೀಳುವ ಕಡೆ ಅಲ್ಲಲ್ಲಿ ಮಾತ್ರ ಉಳಿದಿರುವ ಗಿಡ ಇದು.

ನೋಡಲು ಹುಲ್ಲಿನಂತಿದ್ದರೂ ಹುಲ್ಲಲ್ಲ. ದಂಟನ್ನು ಬೆರಳಲ್ಲಿ ಹೊರಳಿಸಿದರೆ ಮೂರು ಏಣು ಸಿಗುತ್ತವೆ, ಗೆಣ್ಣು ಸಿಗುವುದಿಲ್ಲ. ನಮ್ಮ ಹೊಲಗದ್ದೆಗಳ ಜೇಕು, ಕೊನ್ನಾರಿ ಇದೇ ಕುಟುಂಬದವು. ಹಾಗಾಗಿ ‘ಜೇಕು’ ಎಂದೇ ಬರೆದಿದ್ದೇನೆ. ‘ಜೊಂಡು’ ಬೇಡ, ಅದು ಬೇರೆಯದೇ ಗಿಡ ಅಲ್ವಾ?

ಇದನ್ನು ಗುರುತಿಸುವುದೇ ಕಷ್ಟ. ಕೇರೆಕ್ಸ್ ಲುಪ್ಯುಲೀನಾ ಎಂಬ ಇನ್ನೊಂದು ಜೇಕು ಹೆಚ್ಚುಕಡಿಮೆ ಹೀಗೇ ಇರುತ್ತದೆ. ಅದೇ ದಪ್ಪ ತೆನೆ, ಕಾಯಿಯನ್ನು ಸುತ್ತಿದ, ಕೊಕ್ಕಿನಂಥ ತುದಿಯ ಅದೇ ಉಬ್ಬಿದ ಚೀಲಗಳು. ಬಲಿತ ಚೀಲವನ್ನು ಸೀಳಿ ಒಳಗಿನ ಪುಟ್ಟ ಕಾಯಿಯನ್ನು ಭೂತಗನ್ನಡಿಯಲ್ಲಿ ನೋಡಬೇಕು. ನಮ್ಮ ಅಪರೂಪದ ಗಿಡದ್ದಾದರೆ ಕಾಯಿ ಉದ್ದದಷ್ಟೇ ಅಗಲ, ಮೂರು ಏಣುಗಳ ಮೇಲೂ ಒಂದೊಂದು ಗಟ್ಟಿ ಗುಬುಟು. ಕಾಯಿ ಬಲಿಯುವ ಮೊದಲು ಖಚಿತವಾಗಿ ಹೇಳುವುದು ಕಷ್ಟ. ಈ ಚೀಲಕ್ಕೆ ‘ಕಾಯಿಚೀಲ’ ಅಂದರೆ ಸಾಕೇ?

ನನ್ನ ಮುಖ್ಯ ಪ್ರಶ್ನೆ ಕೀಟದ್ದು. ಪೂರ್ವ ಏಷ್ಯಾದಿಂದ ಬಂದ ಪಚ್ಚೆ ಬಣ್ಣದ ಒಂದು ಜೀರುಂಡೆ 2002ರಲ್ಲಿ ಅಮೆರಿಕದ ಡೆಟ್ರಾಯಿಟ್, ಕೆನಡಾದ ವಿಂಡ್ಸರ್ ಸುತ್ತ ಪತ್ತೆಯಾಯಿತು. ಅದರ ಮರಿಹುಳು ಆಶ್ ಎಂಬ ಮರದ ತೊಗಟೆಯಡಿ ಹಾವು ಹರಿದಂತೆ ಡೊಂಕು ಹಾದಿ ಕೊರೆಯುತ್ತದೆ. ಮೇಲಕ್ಕೂ ಕೆಳಕ್ಕೂ ರಸ ಹರಿಯುವುದು ತಪ್ಪಿ ಮರ ಒಣಗುತ್ತದೆ. ಈ ಜೀರುಂಡೆ ಜೇಕನ್ನು ಮುಟ್ಟುವುದೇ ಇಲ್ಲ. ಆದರೆ ಆಶ್ ಮರಗಳಿರುವ ಜೌಗಿನಲ್ಲಿ ಅವು ಸತ್ತರೆ ನೆರಳು ಹೋಗುತ್ತದೆ. ಬಿಸಿಲು ಜೇಕಿಗೂ ಬೇಕು, ನಿಜ. ಅದೇ ಬಿಸಿಲಿಗೆ ಜೋರಾಗಿ ಹಬ್ಬುವ ಬೇರೆ ಹುಲ್ಲುಗಳೂ ನುಗ್ಗಿ ಜೇಕನ್ನು ಮುಚ್ಚಿಬಿಡಬಹುದು.

ಇದನ್ನು ‘ಕೀಟಬಾಧೆ’ ಅನ್ನಲು ಮನಸ್ಸು ಒಪ್ಪುತ್ತಿಲ್ಲ. ಆ ಪದ ಕೇಳಿದರೆ ಹುಳು ಈ ಗಿಡವನ್ನೇ ತಿನ್ನುತ್ತದೆ ಅಂತ ಯಾರಾದರೂ ತಿಳಿಯುತ್ತಾರೆ. ಓದುವವರು ಜೇಕಿನ ಎಲೆಯಲ್ಲಿ ತೂತು ಹುಡುಕುತ್ತಾರೆ, ಗಮನ ಇಡಬೇಕಾದ ಆಶ್ ಮರ ಬಿಟ್ಟೇಹೋಗುತ್ತದೆ. ‘ಕೀಟದ ಪರಿಣಾಮ’ ತೀರಾ ಸಪ್ಪೆ. ಸದ್ಯಕ್ಕೆ ‘ಹುಳು ಬಿದ್ದದ್ದು ಮರಕ್ಕೆ, ಪೆಟ್ಟು ಜೇಕಿಗೆ’ ಎಂದು ಬಿಡಿಸಿ ಬರೆದಿದ್ದೇನೆ. ಗಿಡಕ್ಕಿರುವ ಅಪಾಯಗಳ ಪಟ್ಟಿಯಲ್ಲಿ ಹಾಕಲು ಚಿಕ್ಕ ಪದ ಬೇಕು.

ಜೀರುಂಡೆಗೂ ಹೆಸರು ಬೇಕು. ಕಾಫಿ ತೋಟದವರ ‘ಕಾಂಡಕೊರಕ’ ಕೈಗೆ ಸಿಗುವಂತಿದೆ. ಆದರೆ ಆ ಹುಳು ಕಟ್ಟಿಗೆಯೊಳಕ್ಕೇ ಹೋಗುತ್ತದೆ, ಇದು ಹೆಚ್ಚಾಗಿ ತೊಗಟೆಯಡಿಯೇ ಉಳಿಯುತ್ತದೆ. ‘ತೊಗಟೆಕೊರಕ’ ಅಂತ ಯಾರಾದರೂ ಬಳಸುವುದನ್ನು ಕೇಳಿದ್ದೀರಾ? ಮಲೆನಾಡು, ಕರಾವಳಿ ಕಡೆಯವರು ಜೇಕಿಗೆ ಬೇರೆ ಹೆಸರಿದ್ದರೆ ಊರಿನ ಹೆಸರಿನ ಜೊತೆ ಬರೆಯಿರಿ.