ಚಿಕ್ಕಪ್ಪನ ಅಮೃತಬಳ್ಳಿ ಕಷಾಯದ ವಿಷಯ

ಅಕ್ಕಾ, ಟೈಪ್ ಮಾಡೋಕೆ ಆಗಲ್ಲ, ಕೈಯೆಲ್ಲ ದೋಸೆ ಹಿಟ್ಟು. ಮಾತಲ್ಲೇ ಹೇಳುತ್ತೇನೆ. ದುರ್ಗದಲ್ಲಿ ಚಿಕ್ಕಪ್ಪ ಎರಡು ತಿಂಗಳಿಂದ ದಿನಾ ಅಮೃತಬಳ್ಳಿ ಕಷಾಯ ಕುಡಿಯುತ್ತಿದ್ದಾರೆ, ಮನೆಯವರೆಲ್ಲ ಶುರು ಮಾಡೋಣವಾ ಅಂತ ಕೇಳಿದ್ದೀಯಲ್ಲ.

ಬಳ್ಳಿ ಬಗ್ಗೆ ನನ್ನ ತಕರಾರಿಲ್ಲ. ಜ್ವರ ಬಂದಾಗ ಅಜ್ಜಿ ಕಾಂಡ ಜಜ್ಜಿ ಕುದಿಸಿ ಕೊಡುತ್ತಿದ್ದರು, ಆ ಕಹಿ ನೆನಪಿದೆಯಾ? ಬೆಲ್ಲದ ಚೂರು ಕೈಯಲ್ಲಿ ಹಿಡಿದೇ ಕುಡಿಯಬೇಕಿತ್ತು. ಆದರೆ ಅದು ಮೂರು ದಿನದ ಮಾತು. 2020ರಲ್ಲಿ ಕೊರೊನಾ ಹೊತ್ತಲ್ಲಿ ಆಯುಷ್ ಸಚಿವಾಲಯ ಹೇಳಿದ್ದೂ ಹದಿನೈದು ದಿನ, ಒಂದು ತಿಂಗಳ ಲೆಕ್ಕದಲ್ಲೇ. ಟೀ ಥರ ದಿನಾ ಕುಡಿಯಿರಿ ಅಂತಲ್ಲ.

ನನಗೆ ಭಯ ಇರುವುದು ಚಿಕ್ಕಪ್ಪನ ಶುಗರ್ ಮಾತ್ರೆಯದು. ಈ ಬಳ್ಳಿಯೂ ಶುಗರ್ ಇಳಿಸಬಹುದು. ಎರಡೂ ಸೇರಿ ಜಾಸ್ತಿ ಇಳಿದರೆ ಬೆವರು, ನಡುಕ, ತಲೆಸುತ್ತು. ಮೊನ್ನೆ ಸಂತೆಯಲ್ಲಿ ತಲೆ ಸುತ್ತಿತು ಅಂದರಲ್ಲ, ಬಿಸಿಲಿಗೇ ಆಯಿತು ಅಂತ ನನಗೆ ಅನಿಸುತ್ತಿಲ್ಲ.

ಅತ್ತೆಗಂತೂ ಬೇಡವೇ ಬೇಡ. ಅವರದು ರುಮಟಾಯ್ಡ್ ಕೀಲುನೋವು. ರೋಗದ ಜೊತೆ ಹೋರಾಡಬೇಕಾದ ಶಕ್ತಿಯೇ ಅವರ ಕೀಲುಗಳ ಮೇಲೆ ಬಿದ್ದಿದೆ. ಅದನ್ನು ತಗ್ಗಿಸಲು ಡಾಕ್ಟರು ಮಾತ್ರೆ ಕೊಡುತ್ತಿದ್ದರೆ, ನಾವು ಅದನ್ನೇ ಎಬ್ಬಿಸುವ ಕಷಾಯ ಕೊಡುವುದಾ? ಬಸುರಿ ತಂಗಿಗೂ ಬೇಡ.

ಇನ್ನು ಲಿವರ್. 2021ರಲ್ಲಿ ಮುಂಬೈ ಡಾಕ್ಟರುಗಳು ಅಮೃತಬಳ್ಳಿ ತೆಗೆದುಕೊಂಡ ಆರು ಜನರಿಗೆ ಲಿವರ್ ಕೆಟ್ಟಿದ್ದನ್ನು ಬರೆದರು. ಅದು ಇದೇ ಜಾತಿಯ ಬೇರೆ ಬಳ್ಳಿ ಇರಬಹುದು ಅಂತ ಆಯುಷ್‌ನವರು ಅಂದರು. ಅವರವರ ಜಗಳ ಅವರಿಗಿರಲಿ. ನಮಗೆ ಮುಖ್ಯ ಇಷ್ಟು: ಕಣ್ಣು ಹಳದಿ, ಮೂತ್ರ ಗಾಢ ಬಣ್ಣ, ಮೈ ತುರಿಕೆ, ಊಟ ಬೇಡ ಅನಿಸಿದರೆ ಆವತ್ತೇ ಕುಡಿಯೋದು ನಿಲ್ಲಿಸಿ ರಕ್ತ ಪರೀಕ್ಷೆ ಮಾಡಿಸಬೇಕು.

ಹಾಂ, ಚಿಕ್ಕಪ್ಪನಿಗೆ ಆ ಬಳ್ಳಿಯನ್ನು ಯಾರೋ ಜೋಗಿಮಟ್ಟಿ ಕಾಡಿನ ಕಡೆಯಿಂದ ತಂದುಕೊಟ್ಟಿದ್ದಂತೆ. ಅಮೃತಬಳ್ಳಿಯ ಮೇಲ್ಸಿಪ್ಪೆ ಕಾಗದದ ಹಾಗೆ ಉಗುರಿಗೆ ಏಳುತ್ತೆ, ಒಳಗೆ ಹಸಿರು. ಅಡ್ಡ ಕತ್ತರಿಸಿದರೆ ಗಾಡಿ ಚಕ್ರದ ಹಾಗೆ ಗೀಟು. ಮೈತುಂಬ ಗುಬುಟು ಇದ್ದು ಹಾಲಿನಂಥ ರಸ ಬಂದರೆ ಅದು ಇದಲ್ಲ. ಒಂದು ತುಂಡಿನ ಫೋಟೋ ಹಾಕು.

ಸದ್ಯಕ್ಕೆ ಚಿಕ್ಕಪ್ಪ ಕಷಾಯ ನಿಲ್ಲಿಸಲಿ, ಶುಗರ್ ಮಾತ್ರೆ ಮಾತ್ರ ಬಿಡೋದು ಬೇಡ. ನಾಳೆ ಡಾಕ್ಟರ ಹತ್ತಿರ ಹೋದಾಗ ಇದನ್ನು ಬಾಯಿಬಿಟ್ಟು ಹೇಳಲಿ. "ಮನೆ ಮದ್ದು ತಾನೇ" ಅಂತ ಮುಚ್ಚಿಡೋದೇ ಅವರ ಅಭ್ಯಾಸ, ನೀನೇ ಜೊತೆಗೆ ಹೋಗು.