ಅಪ್‌ಡೇಟ್: ಹುರುಳಿಕಾಳು ಕೊನೆಗೂ ಬೆಂತು!

ಹೋದ ತಿಂಗಳು ಕೇಳಿದ್ದೆನಲ್ಲ, ಅಮ್ಮ ಮೊಟ್ಟೆನೂ ಮುಟ್ಟಲ್ಲ, ಪ್ರೋಟೀನ್‌ಗೆ ಹುರುಳಿಕಾಳು ಮಾಡೋಣ ಅಂದ್ರೆ ಎಂಟು ಸೀಟಿ ಹೊಡೆಸಿದ್ರೂ ಕಲ್ಲಿನ ಹಾಗೇ ಇರುತ್ತೆ ಅಂತ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ತಪ್ಪು ಅರ್ಧ ನೀರಿಂದು, ಅರ್ಧ ನಂದು. ನಮ್ಮನೇದು ಬೋರ್‌ವೆಲ್ಲಿನ ಗಡಸು ನೀರು. ಅದರಲ್ಲಿರೋ ಕ್ಯಾಲ್ಸಿಯಂ ಕಾಳನ್ನ ಮೆತ್ತಗಾಗೋಕೆ ಬಿಡಲ್ಲ. ಈ ಸಲ ಫಿಲ್ಟರ್ ನೀರಲ್ಲಿ ರಾತ್ರಿಯಿಡೀ ನೆನೆಸಿ, ಫಿಲ್ಟರ್ ನೀರಲ್ಲೇ ಬೇಯಿಸಿದೆ. ನಂದೇನು ಅಂದ್ರೆ, ಹುಣಸೆಹುಳಿ ಮೊದಲೇ ಸುರಿದುಬಿಡ್ತಿದ್ದೆ. ಹುಳಿ ಬಿದ್ದರೆ ಕಾಳು ಬೇಗ ಬೇಯಲ್ಲ. ಈಗ ಐದೇ ಸೀಟಿ, ಎರಡು ಬೆರಳಲ್ಲಿ ಒತ್ತಿದ್ರೆ ಬೆಣ್ಣೆ.

ಕಟ್ಟು ಬಸಿದು, ಒಂದು ಹಿಡಿ ಬೆಂದ ಕಾಳನ್ನ ಕಾಯಿ, ಹುರಿದ ಈರುಳ್ಳಿ, ಬೆಳ್ಳುಳ್ಳಿ ಜತೆ ರುಬ್ಬಿ ಬಸ್ಸಾರು ಮಾಡಿದೆ. ಉಳಿದ ಕಾಳು ಒಗ್ಗರಣೆ ಹಾಕಿ ಪಲ್ಯ. ಅಮ್ಮ ಸಾರು ಸೊರ್ರನೆ ಕುಡಿದು ಪಲ್ಯ ತಟ್ಟೆಯಂಚಿಗೆ ತಳ್ಳಿದ್ರು! ಪ್ರೋಟೀನ್ ಬಹುಪಾಲು ಇರೋದು ಕಾಳಲ್ಲೇ ಕಣಮ್ಮ ಅಂತ ಗೋಗರೆದೆ. ಈಗ ಪಲ್ಯ ಖಾಲಿಯಾದ ಮೇಲೇ ಸಾರು.

ಲೆಕ್ಕ ಕೇಳಿದ್ದವರಿಗೆ: 100 ಗ್ರಾಂ ಒಣ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್. ಬೆಂದದ್ದು ನೀರು ಕುಡಿದಿರುತ್ತೆ, ಬಟ್ಟಲಿಗೆ ಅಷ್ಟು ಸಿಗಲ್ಲ. ಜತೆಗೆ ಮುದ್ದೆ ಬಿಡಬೇಡಿ ಅಂದಿದ್ರಿ, ಸರಿಯೇ. ಪ್ರೋಟೀನ್ ಕಟ್ಟೋ ಅಂಶಗಳಲ್ಲಿ ಒಂದಾದ ಮೆಥಿಯೋನಿನ್ ಕಾಳಲ್ಲಿ ಕಮ್ಮಿ, ಅದು ರಾಗಿಯಲ್ಲಿದೆ.

ಮುಂದಿನ ಪ್ರಯೋಗ ಮೊಳಕೆ ಹುರುಳಿ. ಒದ್ದೆ ಬಟ್ಟೆಯ ಗಂಟು ಈಗಾಗಲೇ ಅಡುಗೆಮನೆ ಮೊಳೆಗೆ ನೇತಾಡ್ತಿದೆ.