ಅಪ್ಪ ಅಮ್ಮ ಕೊಲೊರಾಡೋಗೆ ಹೋಗ್ತಿದಾರೆ, ಅಲ್ಲಿ ಕಯೋಟಿ (ಗುಳ್ಳೆನರಿ ಥರದ ಕಾಡುಪ್ರಾಣಿ) ಕಾಟ ಇದ್ಯಾ?

ವಿಜಯನಗರ_ಮಗ:
ಅಕ್ಕ ಡೆನ್ವರ್ ಹತ್ರ ಇದಾಳೆ, ಏಪ್ರಿಲ್‌ನಲ್ಲಿ ಅಪ್ಪ ಅಮ್ಮ ಅಲ್ಲಿಗೆ ಹೊರಟಿದಾರೆ. ಅವ್ಳ ಮನೆ ಹಿಂದೇನೇ ದೊಡ್ಡ ಹುಲ್ಲುಬಯಲು, ಮೊನ್ನೆ ಹಗಲಲ್ಲೇ ಬೇಲಿ ಪಕ್ಕ ಕಯೋಟಿ ನಿಂತಿರೋ ವಿಡಿಯೋ ಕಳಿಸಿದ್ಳು. ಅಪ್ಪಂಗೆ ಐದೂವರೆಗೇ ವಾಕಿಂಗ್ ಆಗ್ಬೇಕು, ಜೇಬಲ್ಲಿ ಬೀದಿನಾಯಿಗಳಿಗೆ ಅಂತ ಬಿಸ್ಕೆಟ್ ಇದ್ದೇ ಇರುತ್ತೆ. ಅಕ್ಕನ ಪುಟ್ಟ ನಾಯೀನೂ ಜೊತೆಗೆ ಕರ್ಕೊಂಡು ಹೋಗ್ತಾರಂತೆ. ಕಳಿಸಬಹುದಾ? ಗೊತ್ತಿರೋರು ಹೇಳಿ ಪ್ಲೀಸ್.

ಬೌಲ್ಡರ್_ಟು_ಯಲಹಂಕ:
ಧಾರಾಳವಾಗಿ ಕಳ್ಸಿ ಸರ್. ನಮ್ ಗುಳ್ಳೆನರಿಗಿಂತ ಸ್ವಲ್ಪ ದೊಡ್ಡದು ಅಷ್ಟೇ, ಇಲಿ, ಮೊಲ, ಪ್ರೇರಿ ಡಾಗ್ (ನಾಯಿ ಅಲ್ಲ, ಬಿಲದಲ್ಲಿರೋ ಅಳಿಲಿನ ಜಾತಿ) ತಿನ್ಕೊಂಡಿರುತ್ತೆ. ಅಮೆರಿಕ ಕೆನಡಾ ಎರಡೂ ಸೇರಿ ಕಯೋಟಿಯಿಂದ ಮನುಷ್ಯರು ಸತ್ತಿದ್ದು ದಾಖಲಾಗಿರೋದು ಎರಡೇ, 1981ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಂದು ಮಗು, 2009ರಲ್ಲಿ ಕೆನಡಾದ ನೋವಾ ಸ್ಕೋಷಿಯಾದಲ್ಲಿ ಒಬ್ಬ ಯುವತಿ.

ನಂಗೆ ಭಯ ಆಗಿದ್ದು ಆ ಬಿಸ್ಕೆಟ್ ಓದಿ. ದಯವಿಟ್ಟು ಅದನ್ನ ಇಲ್ಲೇ ಬಿಟ್ಟು ಹೋಗೋಕೆ ಹೇಳಿ. ಒಂದ್ಸಲ ತಿನ್ನೋಕೆ ಸಿಕ್ತು ಅಂದ್ರೆ ಕಯೋಟಿಗೆ ಮನುಷ್ಯರ ಭಯ ಹೋಗುತ್ತೆ, ಆಮೇಲೆ ಎಲ್ಲರ ಕೈ ನೋಡ್ಕೊಂಡು ಹತ್ರ ಬರುತ್ತೆ, ಕಚ್ಚೋ ಕೇಸ್‌ಗಳಲ್ಲಿ ತುಂಬಾ ಶುರುವಾಗೋದು ಹೀಗೇ, ಕೊನೆಗೆ ಆ ಪ್ರಾಣೀನ ಸಾಯಿಸ್ತಾರೆ. ಪಾಪ ಅದ್ರ ತಪ್ಪೇನಿದೆ? ಕೊಲೊರಾಡೋದಲ್ಲಿ ಕಯೋಟಿಗೆ ತಿನ್ನೋಕೆ ಹಾಕೋದು ಕಾನೂನುಬಾಹಿರ ಕೂಡ.

ಎದುರು ಸಿಕ್ರೆ ಓಡ್ಬಾರ್ದು, ಬೆನ್ನು ತೋರಿಸ್ಬಾರ್ದು. ಎರಡೂ ಕೈ ಎತ್ತಿ ಜೋರಾಗಿ "ಹಚಾ" ಅಂತ ಕೂಗ್ಲಿ, ಸಾಕು. ಆಗ್ಲೂ ಕದಲ್ಲಿಲ್ಲ ಅಂದ್ರೆ ಅದ್ರ ಪಕ್ಕ ಬೀಳೋ ಹಾಗೆ ಕಲ್ಲು ಎಸೆದು, ಮುಖ ಅದ್ರ ಕಡೆನೇ ಇಟ್ಕೊಂಡು ನಿಧಾನಕ್ಕೆ ಹಿಂದೆ ಸರೀಬೇಕು.

ಹೆಸರಘಟ್ಟ_ಹುಲ್ಲು:
ಏಪ್ರಿಲ್ ಮೇ ಅಂದ್ರೆ ಮರಿಗಳ ಟೈಮು, ನಾಯಿ ಕಂಡ್ರೆ ಸಿಟ್ಟು ಜಾಸ್ತಿ, ಸ್ವಲ್ಪ ದೂರ ಹಿಂದೆ ಹಿಂದೇನೇ ಬರಬಹುದು, ಬೇಟೆಗಲ್ಲ, ಬಿಲದಿಂದ ನಿಮ್ಮನ್ನ ದೂರ ಸಾಗಹಾಕೋಕೆ. ಹಂಗಾಗಿ ನಾಯಿಗೆ ಗಿಡ್ಡ ಬೆಲ್ಟೇ ಹಾಕ್ಲಿ, ಎಳೆದಷ್ಟೂ ಉದ್ದ ಆಗುತ್ತಲ್ಲ ಅದು ಬೇಡ. ವಾಕಿಂಗ್ ಪೂರ್ತಿ ಬೆಳಕು ಹರಿದ ಮೇಲೆ. ಇಲ್ಲಿ ನಮ್ ಹೆಸರಘಟ್ಟದ ಕಡೆ ರಸ್ತೆ ಬದಿ ಕೋಳಿ ವೇಸ್ಟ್ ಸುರೀತಾರೆ, ಗುಳ್ಳೆನರಿ ಬೀದಿನಾಯಿ ಎರಡೂ ಅಲ್ಲೇ ಸೇರ್ತವೆ, ನೋಡಿದ್ರೆ ಹೊಟ್ಟೆ ಉರಿಯುತ್ತೆ. ಅಕ್ಕನ ಮನೆ ಕಸದ ಡಬ್ಬ ಮುಚ್ಚಿರ್ಲಿ, ನಾಯಿ ಊಟದ ತಟ್ಟೆ ರಾತ್ರಿ ಹೊರಗಿಡೋದು ಬೇಡ.

ವಿಜಯನಗರ_ಮಗ:
ಥ್ಯಾಂಕ್ಸ್ ಇಬ್ರಿಗೂ. ಅಪ್ಪಿತಪ್ಪಿ ಕಚ್ಚಿದ್ರೆ?

ಬೌಲ್ಡರ್_ಟು_ಯಲಹಂಕ:
ಇಲ್ಲಿ ನಾಯಿ ಕಚ್ಚಿದಾಗ ಮಾಡೋದೇ. ಸೋಪು ಹಾಕಿ 15 ನಿಮಿಷ ಹರಿಯೋ ನೀರಲ್ಲಿ ತೊಳೆದು ಸೀದಾ ಆಸ್ಪತ್ರೆಗೆ, ಗಾಯ ಸಣ್ಣದು ಅಂತ ಬಿಡಬಾರ್ದು, ರೇಬಿಸ್ ಇಂಜೆಕ್ಷನ್ ಬೇಕಾ ಅಂತ ಡಾಕ್ಟರ್ ಹೇಳ್ತಾರೆ.